ವಿನ್ಸನ್ ಶಿಖರ: ಹೆಸರಿಟ್ಟವರ ಲೆಕ್ಕ

ಅಂಟಾರ್ಕ್ಟಿಕದ ಅತಿ ಎತ್ತರದ ಶಿಖರಕ್ಕೆ ಹೆಸರಾದ ಕಾರ್ಲ್ ವಿನ್ಸನ್ ಪರ್ವತಾರೋಹಿಯೂ ಅಲ್ಲ, ಭೂಗೋಳತಜ್ಞರೂ ಅಲ್ಲ. ಜಾರ್ಜಿಯಾದಿಂದ ಗೆದ್ದು ಅರ್ಧ ಶತಮಾನ ಅಮೆರಿಕದ ಸಂಸತ್ತಿನಲ್ಲಿದ್ದವರು. ಸೇನಾ ವ್ಯವಹಾರಗಳ ಸಮಿತಿಯ ಅಧ್ಯಕ್ಷರಾಗಿ ದಕ್ಷಿಣ ಧ್ರುವದ ಅನ್ವೇಷಣೆಗೆ ಒತ್ತಾಸೆಯಾಗಿದ್ದವರು. ಒಂದು ವಿಮಾನವಾಹಕ ನೌಕೆಗೂ ಅವರ ಹೆಸರಿದೆ. 1935ರಲ್ಲಿ ಅನ್ವೇಷಕ ಲಿಂಕನ್ ಎಲ್ಸ್‌ವರ್ತ್ ವಿಮಾನದಿಂದ ಈ ಶಿಖರವಿರುವ ಶ್ರೇಣಿಯನ್ನು ಕಂಡು, ಕಾವಲುಗಾರನಂತೆ ಹಿಮದ ಬಯಲಿನಿಂದ ಎದ್ದು ನಿಂತದ್ದಕ್ಕೆ ಸೆಂಟಿನೆಲ್ ಎಂದರು. ಆ ಹೆಸರು ಬೆಟ್ಟವನ್ನು ನೋಡಿ ಇಟ್ಟದ್ದು. 1958ರಲ್ಲಿ ಅಮೆರಿಕದ ನೌಕಾಪಡೆಯ ವಿಮಾನಗಳ ಕಣ್ಣಿಗೆ ಬಿದ್ದ ತುತ್ತತುದಿಗೆ ದಕ್ಕಿದ್ದು ಮಾತ್ರ ಬೊಕ್ಕಸದ ಬಾಗಿಲು ತೆರೆಸಬಲ್ಲವರ ಹೆಸರು.

ನಕ್ಷೆಯಲ್ಲಿ ಅಳತೆಯೂ ಹೆಸರೂ ಒಂದೇ ಅಕ್ಷರದಲ್ಲಿ ಅಚ್ಚಾಗುವುದರಿಂದ ಎರಡಕ್ಕೂ ಒಂದೇ ತೂಕ ಕೊಡುತ್ತೇವೆ. ಅದು ತಪ್ಪು. ಮೊದಲ ಸಮೀಕ್ಷೆಗಳು ಈ ಶಿಖರವನ್ನು 5,140 ಮೀಟರ್ ಎಂದವು. ಅಮೆರಿಕದ ತಂಡವೊಂದು 1966ರ ಡಿಸೆಂಬರಿನಲ್ಲಿ ತುದಿ ಮುಟ್ಟಿದಾಗಲೂ ಅದೇ ಲೆಕ್ಕ. 2004ರಲ್ಲಿ ಶಿಖರದ ಮೇಲೆಯೇ ಜಿಪಿಎಸ್ ಇಟ್ಟು ಅಳೆದಾಗ ಸಿಕ್ಕಿದ್ದು 4,892. ಸುಮಾರು ಕಾಲು ಕಿಲೋಮೀಟರ್ ಕರಗಿತು, ಯಾರೂ ತಕರಾರು ತೆಗೆಯಲಿಲ್ಲ. ಎತ್ತರವನ್ನು ಮತ್ತೆ ಅಳೆಯಬಹುದು. ಹೆಸರನ್ನು ಯಾವುದಕ್ಕೆ ಒರೆಹಚ್ಚುವುದು? 2006ರಲ್ಲಿ ಇಡೀ ಗಿರಿಸಮೂಹ ಬೇರೆ, ಅದರ ಶಿಖರ ಬೇರೆ ಎಂದು ಗುರುತಿಸಿದರು. ಎರಡಕ್ಕೂ ವಿನ್ಸನ್ನರೇ ಉಳಿದರು.

ಮನುಷ್ಯರೇ ನೆಲೆಸಿರದ ಖಂಡದಲ್ಲಿ ಯಾರ ಹೆಸರಿಟ್ಟರೇನು, ಕಸಿದದ್ದು ಯಾರದ್ದನ್ನೂ ಅಲ್ಲವಲ್ಲ ಎನ್ನಬಹುದು. ನಿಜ. ಸ್ಥಳೀಯರ ಹೆಸರನ್ನು ಬದಿಗೊತ್ತಿತೆಂದು ಎವರೆಸ್ಟ್ ಎಂಬ ಹೆಸರಿನ ಮೇಲಿರುವ ದೂರು ಇದರ ಮೇಲಿಲ್ಲ. ಆದರೆ ಅಳಿಸಲು ಹಳೆಯ ಹೆಸರಿಲ್ಲದ ಕಡೆ ಹೊಸ ಹೆಸರು ಹೇಳುವುದೆಲ್ಲ ಇಟ್ಟವರ ಬಗ್ಗೆಯೇ. ಈ ಬೆಟ್ಟಗಳಿರುವುದು ಚಿಲಿ ತನ್ನದೆನ್ನುವ ಪಾಲಿನಲ್ಲಿ. 1959ರ ಅಂಟಾರ್ಕ್ಟಿಕ ಒಪ್ಪಂದ ಅಂಥ ಹಕ್ಕುಗಳನ್ನು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. ಯಾವ ಹಕ್ಕನ್ನೂ ಹೂಡದ ಬಲ್ಗೇರಿಯ ಕೂಡ ಇಲ್ಲಿನ ಹಿಮನದಿ, ಕೊಡುಮುಡಿಗಳಿಗೆ ತನ್ನ ಹೆಸರುಗಳನ್ನು ಹಂಚಿದೆ. ಗಡಿಕಲ್ಲು ನೆಡುವಂತಿಲ್ಲದ ನೆಲದಲ್ಲಿ ಹಾಜರಿ ಹಾಕುವ ದಾರಿ ಅದು.

ಹಾಗೆಂದು ವಿನ್ಸನ್ ಹೆಸರನ್ನು ಕಿತ್ತುಹಾಕಬೇಕೆಂಬ ವಾದ ನನ್ನದಲ್ಲ. ಚಾರಣಿಗರನ್ನು ಹುಡುಕಿ ಹೊರಟ ವಿಮಾನಕ್ಕೆ ಬೇಕಾದದ್ದು ಎಲ್ಲರಿಗೂ ಗೊತ್ತಿರುವ ಒಂದು ಹೆಸರು, ನ್ಯಾಯವಾದ ಹೆಸರಲ್ಲ. ಅಂಟಾರ್ಕ್ಟಿಕ ಸಂಶೋಧನೆಯ ವೈಜ್ಞಾನಿಕ ಸಮಿತಿಯ ಸಂಯುಕ್ತ ಸ್ಥಳನಾಮ ಪಟ್ಟಿ ಒಂದು ಒಳ್ಳೆಯ ಕೆಲಸ ಮಾಡುತ್ತದೆ: ಹೆಸರಿನ ಪಕ್ಕದಲ್ಲೇ ಅದನ್ನು ಯಾವ ದೇಶ ಕೊಟ್ಟಿತೆಂದು ಬರೆದಿಡುತ್ತದೆ. ಶಾಲೆಯ ಅಟ್ಲಾಸಿಗೆ ಬರುವಷ್ಟರಲ್ಲಿ ಆ ಕಾಲಂ ಉದುರಿಹೋಗಿರುತ್ತದೆ.