ಅಮ್ಮನಿಗೆ ‘ಏನೂ ಆಗಲ್ಲ, ಒತ್ತು’ ಅನ್ನೋ ಮುಂಚೆ: ಮನೆ ಸರ್ವರ್‌ಗೆ ಬಿಟ್ಟಿ ಸರ್ಟಿಫಿಕೇಟ್

ಹಾಸನ ತಾಲೂಕಿನ ದುದ್ದದ ನಮ್ಮ ಮನೆಯಲ್ಲಿ, ಟಿವಿ ಸ್ಟ್ಯಾಂಡ್ ಕೆಳಗೆ ಎರಡು ಹಾರ್ಡ್ ಡಿಸ್ಕ್ ಇರೋ ಒಂದು ಪುಟ್ಟ ಡಬ್ಬಿ ಇದೆ. ಮದುವೆ ಫೋಟೊ, ಪಹಣಿ, ಅಪ್ಪನ ಆಸ್ಪತ್ರೆ ರಿಪೋರ್ಟು ಎಲ್ಲಾ ಅದರಲ್ಲೇ. ಅಮ್ಮ ಮೊಬೈಲಿನಲ್ಲಿ ಮೊದಲ ಸಲ ಅದನ್ನು ತೆರೆದಾಗ ಕೆಂಪು ಎಚ್ಚರಿಕೆ ಬಂತು. ‘ಲೋ ಮಗ, ಇದು ಸೇಫ್ ಅಲ್ಲ ಅಂತೈತಲ್ಲೋ’ ಅಂತ ಫೋನ್ ಮಾಡಿದಳು. ‘ಏನೂ ಆಗಲ್ಲ, ಅಡ್ವಾನ್ಸ್‌ಡ್ ಒತ್ತಿ ಮುಂದೆ ಹೋಗಮ್ಮ’ ಅಂದೆ.

ಆಮೇಲೆ ಅನ್ನಿಸಿತು, ನಾನು ಕಲಿಸಿದ್ದು ಎಂಥ ಪಾಠ? ನಾಳೆ ಯಾವುದೋ ಬಸ್‌ಸ್ಟ್ಯಾಂಡ್ ವೈಫೈನಲ್ಲಿ ಯಾರಾದರೂ ನಡುವೆ ಕೂತು ಬೇರೆ ಪುಟ ತೋರಿಸಿದರೂ ಬರೋದು ಇದೇ ಎಚ್ಚರಿಕೆ. ಅದನ್ನು ದಾಟಿ ಹೋಗೋ ಅಭ್ಯಾಸ ಮಾಡಿಸಿದ್ದು ನಾನೇ.

ಎಚ್ಚರಿಕೆಗೆ ಕಾರಣ ಸರಳ. ಡಬ್ಬಿ ತನ್ನ ಗುರುತಿನ ಚೀಟಿಗೆ ತಾನೇ ಸಹಿ ಹಾಕಿಕೊಂಡಿತ್ತು. ಬ್ರೌಸರ್ ನಂಬುವ ಸಂಸ್ಥೆಯ ಸಹಿ ಬೇಕು. ಮೊದಲು ಇದಕ್ಕೆ ದುಡ್ಡು ಕೊಡಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ಲಾಭರಹಿತ ಸಂಸ್ಥೆಯೊಂದು ನಡೆಸುವ ‘ಲೆಟ್ಸ್ ಎನ್‌ಕ್ರಿಪ್ಟ್’ ಇದನ್ನು ಎಲ್ಲರಿಗೂ ಬಿಟ್ಟಿ ಕೊಡಲು ಶುರು ಮಾಡಿತು. 2018ರ ಮಾರ್ಚ್‌ನಲ್ಲಿ ವೈಲ್ಡ್‌ಕಾರ್ಡ್ ಸರ್ಟಿಫಿಕೇಟೂ ಬಂತು.

ವೈಲ್ಡ್‌ಕಾರ್ಡ್ ಅಂದರೆ ನಕ್ಷತ್ರ ಚಿಹ್ನೆ. ನಿಮ್ಮ ಡೊಮೈನ್ ‘ನಮ್ಮನೆ ಡಾಟ್ ಇನ್’ ಅಂತಿಟ್ಟುಕೊಳ್ಳಿ. ‘ಫೋಟೊ’, ‘ಕಡತ’, ‘ಕ್ಯಾಮೆರಾ’ ಅಂತ ಅದರ ಮುಂದೆ ಏನೇ ಸೇರಿಸಿದರೂ ಒಂದೇ ಸರ್ಟಿಫಿಕೇಟ್ ಸಾಕು. ಆದರೆ ಅದು ಒಂದು ಮಟ್ಟಕ್ಕೆ ಮಾತ್ರ. ಬರೀ ‘ನಮ್ಮನೆ ಡಾಟ್ ಇನ್’ ಕೂಡ ಬೇಕಿದ್ದರೆ ಅದನ್ನು ಬೇರೆಯಾಗಿ ಸೇರಿಸಬೇಕು. ಇನ್ನೊಂದು ಲಾಭವೂ ಇದೆ. ಕೊಟ್ಟ ಪ್ರತಿ ಸರ್ಟಿಫಿಕೇಟಿನ ಹೆಸರೂ ಸಾರ್ವಜನಿಕ ದಾಖಲೆಗೆ ಹೋಗುತ್ತದೆ. ನಕ್ಷತ್ರ ಇದ್ದರೆ, ಮನೆಯಲ್ಲಿ ಏನೇನು ಓಡುತ್ತಿದೆ ಅನ್ನೋದು ಅಲ್ಲಿ ಕಾಣಲ್ಲ.

ಡೊಮೈನ್ ನಿಮ್ಮದೇ ಅಂತ ಸಾಬೀತು ಮಾಡೋದು ಹೇಗೆ? ವೈಲ್ಡ್‌ಕಾರ್ಡ್‌ಗೆ ಡಿಎನ್‌ಎಸ್ ದಾರಿಯೇ ಬೇಕು. ಅವರು ಕೊಟ್ಟ ಅಕ್ಷರಗಳನ್ನು ಡೊಮೈನಿನ ಟಿಎಕ್ಸ್‌ಟಿ ರೆಕಾರ್ಡ್‌ನಲ್ಲಿ ಹಾಕಿದರೆ ಅವರು ಓದಿ ನೋಡಿ ಸಹಿ ಹಾಕುತ್ತಾರೆ. ನಮ್ಮ ಊರುಗಳಿಗೆ ಇದು ಅನುಕೂಲವೇ. ಹಲವು ಇಂಟರ್‌ನೆಟ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಹತ್ತಾರು ಮನೆಗೆ ಹಂಚುವುದರಿಂದ ಹೊರಗಿನಿಂದ ನಮ್ಮ ಡಬ್ಬಿಯನ್ನು ಮುಟ್ಟೋಕೇ ಆಗಲ್ಲ. ಡಿಎನ್‌ಎಸ್ ದಾರಿಗೆ ಒಂದು ಪೋರ್ಟನ್ನೂ ತೆರೆಯಬೇಕಿಲ್ಲ.

ನಾನು ಮೊದಲ ಸಲ ಆ ರೆಕಾರ್ಡನ್ನು ಕೈಯಾರೆ ಹಾಕಿದೆ. ‘ಇನ್ನು ಕೆಂಪು ಪುಟ ಬಂದರೆ ಒತ್ತಬೇಡ’ ಅಂತ ಅಮ್ಮನಿಗೆ ಹೇಳಿದೆ. ಹೊರಗಿದ್ದಾಗ ಡಬ್ಬಿ ತಲುಪಲು ಅವಳ ಮೊಬೈಲಿಗೆ ವಿಪಿಎನ್ ಹಾಕಿಕೊಟ್ಟೆ. ಸರ್ಟಿಫಿಕೇಟಿನ ಆಯಸ್ಸು 90 ದಿನ. ನಾನು ಮರೆತೆ. ಅಪ್ಪನ ಚೆಕಪ್ ದಿನ ಹಾಸನದ ಆಸ್ಪತ್ರೆಯ ಕ್ಯೂನಲ್ಲಿ ಮತ್ತೆ ಕೆಂಪು ಪುಟ. ‘ಒತ್ತಬೇಡ ಅಂದೋನು ನೀನೇ ಅಲ್ವೇನೋ’ ಅಂದಳು. ಹಳೇ ರಿಪೋರ್ಟಿಲ್ಲದೆ ಡಾಕ್ಟರನ್ನು ನೋಡಿ ಬಂದರು. ಅವಳು ಮಾಡಿದ್ದು ಸರಿ, ತಪ್ಪು ನನ್ನದು.

ಆದ್ದರಿಂದ ನವೀಕರಣ ತಾನಾಗೇ ಆಗಬೇಕು. ‘ಅಕ್ಮೆ ಡಾಟ್ ಎಸ್‌ಎಚ್’ ಅನ್ನೋ ಬಿಟ್ಟಿ ಸ್ಕ್ರಿಪ್ಟ್ ಡಬ್ಬಿಯಲ್ಲೇ ಕೂತು, ಡಿಎನ್‌ಎಸ್ ಕಂಪನಿಯ ಎಪಿಐ ಮೂಲಕ ರೆಕಾರ್ಡ್ ಹಾಕಿ, ಹೊಸ ಸರ್ಟಿಫಿಕೇಟ್ ತಂದು ಕೂರಿಸುತ್ತದೆ. ಮೂರು ಮಾತು ನೆನಪಿಡಿ. ಎಪಿಐ ಟೋಕನ್‌ಗೆ ಆ ಒಂದು ಡೊಮೈನಿನ ಅಧಿಕಾರ ಮಾತ್ರ ಕೊಡಿ. ಮೊದಲು ಸ್ಟೇಜಿಂಗ್ ಸರ್ವರ್‌ನಲ್ಲಿ ಪರೀಕ್ಷಿಸಿ, ಯಾಕಂದ್ರೆ ಅದೇ ಹೆಸರುಗಳಿಗೆ ವಾರಕ್ಕೆ ಐದೇ ಸರ್ಟಿಫಿಕೇಟ್. ಅವಧಿ ಮುಗಿಯುವ ಎಚ್ಚರಿಕೆಗೆ ನಿಮ್ಮದೇ ವ್ಯವಸ್ಥೆ ಇರಲಿ, 2025ರ ಜೂನ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಆ ಇಮೇಲ್‌ಗಳನ್ನು ನಿಲ್ಲಿಸಿದೆ.

ಮುಂದೆ ಕೈಯಾರೆ ಮಾಡೋದು ಇನ್ನೂ ಕಷ್ಟ. ಬ್ರೌಸರ್ ಕಂಪನಿಗಳು ಮತ್ತು ಸರ್ಟಿಫಿಕೇಟ್ ಸಂಸ್ಥೆಗಳ ಒಕ್ಕೂಟದ ನಿರ್ಧಾರದಂತೆ, 2029ರ ಮಾರ್ಚ್ 15ರಿಂದ ಯಾವ ಸಾರ್ವಜನಿಕ ಸರ್ಟಿಫಿಕೇಟೂ 47 ದಿನಕ್ಕಿಂತ ಹೆಚ್ಚು ಬಾಳಲ್ಲ.

ಒಂದು ಭ್ರಮೆ ಬೇಡ. ಸರ್ಟಿಫಿಕೇಟ್ ಕಾಯೋದು ದಾರಿಯನ್ನ, ಡಬ್ಬಿಯನ್ನಲ್ಲ. ಸುಲಭದ ಪಾಸ್‌ವರ್ಡ್, ಹಳೇ ಸಾಫ್ಟ್‌ವೇರ್, ಇನ್ನೊಂದು ಪ್ರತಿಯಿಲ್ಲದ ಫೋಟೊ, ಇವಕ್ಕೆಲ್ಲ ಇದು ಮದ್ದಲ್ಲ. ಆದರೆ ಮನೆಯವರಿಗೆ ‘ಎಚ್ಚರಿಕೆ ಬಂದರೆ ನಿಲ್ಲು’ ಅಂತ ಹೇಳುವ ಹಕ್ಕು ನಮಗೆ ಬರಬೇಕಿದ್ದರೆ, ಸುಮ್ಮಸುಮ್ಮನೆ ಬರೋ ಎಚ್ಚರಿಕೆಯನ್ನ ಮೊದಲು ನಾವೇ ನಿಲ್ಲಿಸಬೇಕು.