ರೇಡಿಯೋದಲ್ಲಿ ಹಾಡುಂಟು, ಕುಣಿತ ಎಲ್ಲಿ?

ಹಿಂದೂಪುರಕ್ಕೂ ಖಾಸಗಿ ಎಫ್‌ಎಂ ಬರುತ್ತದಂತೆ ಎಂಬ ಮಾತು 2024ರ ಆಗಸ್ಟ್‌ನಿಂದ ನಮ್ಮ ಅಂಗಡಿಯಲ್ಲಿ ಆಗಾಗ ಏಳುತ್ತದೆ. ಆ ತಿಂಗಳು ಕೇಂದ್ರ ಸಂಪುಟ ದೇಶದ 234 ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳನ್ನು ಹರಾಜು ಹಾಕಲು ಒಪ್ಪಿಗೆ ಕೊಟ್ಟಿತು. ಆಂಧ್ರದ ಪಾಲಿಗೆ ಬಂದ 22 ಊರುಗಳ ಪಟ್ಟಿಯಲ್ಲಿ ಅನಂತಪುರ, ಧರ್ಮಾವರ, ಗುಂತಕಲ್ಲುಗಳ ಜೊತೆ ನಮ್ಮ ಹಿಂದೂಪುರದ ಹೆಸರೂ ಇದೆ. ಹೆಂಡತಿಯ ತವರಿನ ಕಡೆಯ ಕಲ್ಯಾಣದುರ್ಗದ ಹೆಸರಿಲ್ಲ, ಅದು ಚಿಕ್ಕ ಊರು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಸ್ಟೇಷನ್ ಬಂದಂತಾಗುವುದಿಲ್ಲ, ಯಾರಾದರೂ ದುಡ್ಡು ಕಟ್ಟಿ ವಾಹಿನಿ ಹಿಡಿಯಬೇಕು. ಆದರೂ ಪಕ್ಕದ ಟೀ ಅಂಗಡಿಯ ಹುಡುಗ ನನ್ನನ್ನು ಛೇಡಿಸುವುದು ಬಿಟ್ಟಿಲ್ಲ: "ಅಣ್ಣಾ, ಇನ್ನು ನಿನ್ನ ಡಿಜೆ ಯಾರಿಗೆ ಬೇಕು? ರೇಡಿಯೋ ಹಾಕ್ಕೊಂಡೇ ಕುಣೀತೀವಿ."

ನನ್ನದು ಮೈಕ್ ಸೆಟ್ ಬಾಡಿಗೆಯ ಕಸುಬು. ಅಪ್ಪನ ಕಾಲಕ್ಕೆ ಎರಡು ಹಾರನ್ನು, ಒಂದು ಆಂಪ್ಲಿಫೈಯರು, ಒಂದು ಗ್ರಾಮಫೋನು ಇದ್ದವು. ನನ್ನ ಕಾಲಕ್ಕೆ ಅವೆಲ್ಲ ಅಟ್ಟ ಸೇರಿ ಬೇಸ್ ಬಾಕ್ಸು, ಮಿಕ್ಸರು, ಜನರೇಟರು ಬಂದಿವೆ. ಮನೆಮಾತು ಕನ್ನಡ, ಗಿರಾಕಿಗಳದ್ದು ತೆಲುಗು, ಇಲ್ಲವೇ ಎರಡೂ ಕಲಸಿದ್ದು. ಮದುವೆ, ಊರಜಾತ್ರೆ, ಗಣೇಶ ಎಂದು ಜನ ಕುಣಿಯುವ ಕಡೆಯೆಲ್ಲ ನಾನಿರುತ್ತೇನೆ. ರೇಡಿಯೋ ನಿಜವಾಗಿಯೂ ಕುಣಿಯುವ ಸಂಗೀತ ಹಾಕುತ್ತದೆಯೇ ಎಂದು ಯಾರಾದರೂ ನನ್ನನ್ನು ಕೇಳಿದರೆ ನನ್ನ ಉತ್ತರ ಒಂದೇ. ಹಾಕುವುದಿಲ್ಲ. ಕುಣಿತದ ಹಾಡು ಎಂದು ಹೆಸರು ಹೇಳಿ, ಕೂತು ಕೇಳುವ ಹಾಡು ಹಾಕುತ್ತದೆ.

ಮೆರವಣಿಗೆಯ ಟ್ರ್ಯಾಕ್ಟರಿನಲ್ಲಿ ಬಾಕ್ಸುಗಳ ಪಕ್ಕ ಕೂತವನಿಗೆ ಕುಣಿಯುವವರ ಕಾಲು ಚೆನ್ನಾಗಿ ಕಾಣುತ್ತದೆ. ಮೊದಲ ಹಾಡಿಗೆ ಯಾರ ಕಾಲೂ ಏಳುವುದಿಲ್ಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತು ನೋಡುತ್ತಾರೆ. ಎರಡನೆಯದು ಮೊದಲಿನದರ ಬೆನ್ನಿಗೇ ಅಂಟಿಕೊಂಡು ಬಂದರೆ ಒಬ್ಬಿಬ್ಬರು ಇಳಿಯುತ್ತಾರೆ. ಮೂರನೆಯ ಹಾಡಿನ ಹೊತ್ತಿಗೆ ಬೀದಿ ತುಂಬುತ್ತದೆ. ನಡುವೆ ಅರ್ಧ ನಿಮಿಷ ಸದ್ದು ನಿಂತಿತೋ, ಎಲ್ಲರೂ ಬೆವರು ಒರೆಸಿಕೊಂಡು ಫೋನ್ ತೆಗೆಯುತ್ತಾರೆ. ಮತ್ತೆ ಒಂದರಿಂದ ಶುರು ಮಾಡಬೇಕು. ಹಾಡು ಹಳೆಯದಾದರೂ ನಡೆಯುತ್ತದೆ, ಭಾಷೆ ಯಾವುದಾದರೂ ನಡೆಯುತ್ತದೆ, ಲಯ ಮಾತ್ರ ಕಡಿಯಬಾರದು. ನಮ್ಮೂರಲ್ಲಿ ಇನ್ನೊಂದು ಕಟ್ಟಳೆಯೂ ಉಂಟು. 1985ರಿಂದ ಎನ್.ಟಿ. ರಾಮರಾವ್, 2014ರಿಂದ ಅವರ ಮಗ ಬಾಲಕೃಷ್ಣ ಶಾಸಕರಾಗಿ ಗೆದ್ದ ಕ್ಷೇತ್ರ ಇದು. 'ಅಖಂಡ' ಸಿನಿಮಾದ 'ಜೈ ಬಾಲಯ್ಯ' ಹಾಕದೆ ಇಲ್ಲಿ ಗಣೇಶ ಮುಳುಗುವುದಿಲ್ಲ! ಅದರ ಹಿಂದೆಯೇ ಗಡಿಯಾಚೆಯಿಂದ ಬಂದ ಹುಡುಗರು ಕನ್ನಡದ 'ಚುಟು ಚುಟು' ಕೇಳುತ್ತಾರೆ. 'ರ್‍ಯಾಂಬೋ 2' ಚಿತ್ರಕ್ಕಾಗಿ ಅರ್ಜುನ್ ಜನ್ಯ ಸಂಗೀತದಲ್ಲಿ ರವೀಂದ್ರ ಸೊರಗಾವಿ, ಶಮಿತಾ ಮಲ್ನಾಡ್ ಹಾಡಿದ ಆ ಹಾಡು 2018ರಿಂದ ನನ್ನ ಪೆನ್‌ಡ್ರೈವಿನಲ್ಲಿ ಇದೆ, ಇನ್ನೂ ತೆಗೆಯಲು ಬಿಟ್ಟಿಲ್ಲ.

ಈ ಹಾಡುಗಳನ್ನು ರೇಡಿಯೋ ಹಾಕುವುದಿಲ್ಲವೇ? ಹಾಕುತ್ತದೆ. ಬೆಂಗಳೂರಿಗೆ ಬಾಕ್ಸು ರಿಪೇರಿಗೆ ಹೋಗುವಾಗ ಗೌರಿಬಿದನೂರು ದಾಟಿ ದೊಡ್ಡಬಳ್ಳಾಪುರ ಹತ್ತಿರವಾದಂತೆ ಅಲ್ಲಿನ ಎಫ್‌ಎಂಗಳು ಗಾಡಿಯ ರೇಡಿಯೋದಲ್ಲಿ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಒಂದು ಕುಣಿತದ ಹಾಡು ಬರುತ್ತದೆ. ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ. ಅಷ್ಟರಲ್ಲಿ ಆರ್‌ಜೆ ಹಾಡಿನ ಬಾಲದ ಮೇಲೇ ಮಾತು ಶುರು ಮಾಡುತ್ತಾರೆ. ಆಮೇಲೆ ಚಿನ್ನದಂಗಡಿ, ಅಪಾರ್ಟ್‌ಮೆಂಟು, ಇನ್‌ಶೂರೆನ್ಸು. ಆಮೇಲೆ ಒಂದು ವಿರಹಗೀತೆ. ಟ್ರಾಫಿಕ್ಕಿನಲ್ಲಿ ಕೂತವನಿಗೆ ಇದು ಹಿತವಾಗಿಯೇ ಇರುತ್ತದೆ, ಸ್ಟೇರಿಂಗ್ ಮೇಲೆ ಬೆರಳು ತಟ್ಟುತ್ತಾನೆ. ಕಾಲಿಗೆ ಕೆಲಸವಿಲ್ಲ, ಅದು ಬ್ರೇಕ್ ಮೇಲಿರುತ್ತದೆ.

ಇದರಲ್ಲಿ ಸ್ಟೇಷನ್ನಿನವರ ದುರುದ್ದೇಶವೇನೂ ಇಲ್ಲ, ಅವರ ವ್ಯಾಪಾರ ನಡೆಯುವುದೇ ಹಾಗೆ. ಖಾಸಗಿ ರೇಡಿಯೋ ಬದುಕುವುದು ಜಾಹೀರಾತಿನಿಂದ. ಜಾಹೀರಾತಿನ ಹೊತ್ತಿಗೆ ಕೇಳುಗ ವಾಹಿನಿ ಬದಲಿಸಿರಬಾರದು. ಹಾಗಾಗಿ ಯಾರಿಗೂ ಬೇಸರವಾಗದ ಹಾಡು ಹುಡುಕುತ್ತಾರೆ. ಜಗತ್ತಿನ ದೊಡ್ಡ ವಾಣಿಜ್ಯ ರೇಡಿಯೋಗಳು ಇದಕ್ಕೊಂದು ಪರೀಕ್ಷೆ ಇಟ್ಟುಕೊಂಡಿವೆ: ಹಾಡಿನ ಅತಿ ಪರಿಚಿತ ತುಣುಕನ್ನು ಹತ್ತು ಸೆಕೆಂಡಿನಷ್ಟು ಕೇಳಿಸಿ, ಇಷ್ಟವೋ ಇಲ್ಲವೋ, ಕೇಳಿ ಸಾಕಾಯಿತೋ ಎಂದು ಜನರನ್ನು ಕೇಳುವುದು. ಗೆದ್ದ ಹಾಡು ದಿನಕ್ಕೆ ಹಲವು ಸಲ ತಿರುಗುತ್ತದೆ. ಗಂಟೆಯ ಎಷ್ಟನೇ ನಿಮಿಷಕ್ಕೆ ಹಾಡು, ಎಷ್ಟನೇ ನಿಮಿಷಕ್ಕೆ ಮಾತು ಎಂಬುದನ್ನು ಕಂಪ್ಯೂಟರ್ ಮೊದಲೇ ಜೋಡಿಸಿಟ್ಟಿರುತ್ತದೆ. ಈ ಹತ್ತು ಸೆಕೆಂಡಿನ ಪರೀಕ್ಷೆಗೆ ತಮಟೆಯನ್ನು ಕೂರಿಸಿ ನೋಡಿ. ಹಲಗೆ ಕಾಯಿಸಿಕೊಂಡು ಬಂದವರು ಒಂದೇ ಪೆಟ್ಟನ್ನು ಐದು ನಿಮಿಷ ಸುತ್ತಿ ಸುತ್ತಿ ಬಡಿದು, ಗುಂಪನ್ನು ಬಿಸಿ ಮಾಡಿ, ಆಮೇಲೆ ಒಂದು ತಿರುವು ಕೊಡುತ್ತಾರೆ. ಜನ ಕುಣಿಯುವುದು ಆ ತಿರುವಿಗೆ. ಹತ್ತು ಸೆಕೆಂಡಿನಲ್ಲಿ ಅದು ಬರೀ ಗದ್ದಲ.

ಇನ್ನು ಸದ್ದಿನ ವಿಷಯ, ಇದು ನನ್ನ ಕ್ಷೇತ್ರ, ಸ್ವಲ್ಪ ಹೆಚ್ಚು ಹೇಳಿದರೆ ಸಹಿಸಿಕೊಳ್ಳಿ. ಕುಣಿಸುವ ಸದ್ದು ಕೆಳಗಿನದು, ಸೆಕೆಂಡಿಗೆ ನಲವತ್ತರಿಂದ ನೂರರಷ್ಟು ಕಂಪನದ್ದು. ಅದನ್ನು ಕಿವಿಗಿಂತ ಮೊದಲು ಎದೆಗೂಡು ಕೇಳುತ್ತದೆ. ಹದಿನೆಂಟು ಇಂಚಿನ ಬೇಸ್ ಸ್ಪೀಕರ್ ಬೇಕಾಗುವುದು ಇದಕ್ಕೇ. ಎಫ್‌ಎಂ ಪ್ರಸಾರ ಈ ಸದ್ದನ್ನು ಹೊತ್ತು ತರಬಲ್ಲದು, ಅದರಲ್ಲಿ ಕೊರತೆಯಿಲ್ಲ. ಕೊರತೆ ನಮ್ಮ ಕೈಯಲ್ಲಿ ಇರುವ ಯಂತ್ರದ್ದು. ಫೋನಿನ ಉಗುರಿನಷ್ಟು ಸ್ಪೀಕರಿನಲ್ಲಿ ತಮಟೆಯ ಚರ್ಮ ಹೋಗಿ ಬರೀ ಕಡ್ಡಿಯ ಸದ್ದು ಉಳಿಯುತ್ತದೆ. ಹೊಸ ಫೋನುಗಳಲ್ಲಿ ಎಫ್‌ಎಂ ಕಾಣೆಯಾಗುತ್ತಿದೆ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆಪತ್ರ ಬರೆಯಬೇಕಾಯಿತು. ಎಫ್‌ಎಂ ಇರುವ ಫೋನಿಗೂ ಸಾಮಾನ್ಯವಾಗಿ ಇಯರ್‌ಫೋನ್ ವೈರನ್ನೇ ಆಂಟೆನಾ ಮಾಡಿ ಚುಚ್ಚಬೇಕು. ವೈರು ಚುಚ್ಚಿಕೊಂಡು ಗುಂಪಿನಲ್ಲಿ ಕುಣಿಯಿರಿ ನೋಡೋಣ ಎಂದು ಟೀ ಅಂಗಡಿ ಹುಡುಗನಿಗೆ ನಾನು ಹೇಳಿದ್ದುಂಟು.

ವಾಣಿಜ್ಯ ರೇಡಿಯೋ ಹುಟ್ಟಿನಿಂದಲೇ ಹೀಗಿರಲಿಲ್ಲ, ಒಂದು ಕಾಲಕ್ಕೆ ಆಟ ಉಲ್ಟಾ ಇತ್ತು. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕಂಡರೆ ಆಗುತ್ತಿರಲಿಲ್ಲ. ಆಕಾಶವಾಣಿಯಿಂದ ಅದನ್ನು ಹೊರಗಟ್ಟಿದರು. ಪಾಶ್ಚಾತ್ಯ ಲಯ ಜಾಸ್ತಿ ಎಂದು ಓ.ಪಿ. ನಯ್ಯರ್ ಅವರ ಹಾಡುಗಳಿಗೂ ಬಾಗಿಲು ಹಾಕಲಾಗಿತ್ತು. ಕೇಳುಗರು ಸುಮ್ಮನೆ ಕೂರಲಿಲ್ಲ, ಮುಳ್ಳನ್ನು ರೇಡಿಯೋ ಸಿಲೋನಿಗೆ ತಿರುಗಿಸಿದರು. ಅಲ್ಲಿ ಅಮೀನ್ ಸಯಾನಿ ಟೂತ್‌ಪೇಸ್ಟ್ ಕಂಪನಿಯ ದುಡ್ಡಿನಲ್ಲಿ 'ಬಿನಾಕಾ ಗೀತಮಾಲಾ' ನಡೆಸುತ್ತಿದ್ದರು. ಬೇರೆ ದಾರಿ ಕಾಣದೆ ಆಕಾಶವಾಣಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಿತು, ಹತ್ತು ವರ್ಷಕ್ಕೆ ಅದರಲ್ಲೂ ಜಾಹೀರಾತು ಬಂತು. ಅಂದರೆ ಸರ್ಕಾರ ಒದ್ದು ಹೊರಹಾಕಿದ ಕುಣಿತದ ಲಯಕ್ಕೆ ಆಗ ಜಾಗ ಕೊಟ್ಟದ್ದು ವ್ಯಾಪಾರದ ರೇಡಿಯೋ.

ಈಗ ಅದೇ ಲಯ ಸಿಗಬೇಕೆಂದರೆ ಸರ್ಕಾರದ ರೇಡಿಯೋ ಕಡೆಗೇ ಹೋಗಬೇಕಾಗಿದೆ. ಇದು ನನಗೆ ಹೊಳೆದದ್ದು ಕಲ್ಯಾಣದುರ್ಗದ ಕಡೆಯ ಹಳ್ಳಿಯಲ್ಲಿ, ಹೆಂಡತಿಯ ತವರಿನಲ್ಲಿ. ಹಿಂದೂಪುರದಿಂದ ಮಡಕಶಿರಾ, ಪಾವಗಡ ಹಾದು ಅಲ್ಲಿಗೆ ಹೋಗುತ್ತೇವೆ. ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರುವ ದಾರಿ ಅದು. 2022ರಲ್ಲಿ ನಮ್ಮೂರು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಅವರ ಊರು ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ರೇಡಿಯೋ ಬೇರೆಯಾಗಲಿಲ್ಲ. ನಮ್ಮತ್ತೆಯವರ ಅಡುಗೆಮನೆಯಲ್ಲಿ 101.7ರ ಅನಂತಪುರ ಆಕಾಶವಾಣಿ. ಗಾಳಿ ಚೆನ್ನಾಗಿದ್ದರೆ 102.6ರ ಚಿತ್ರದುರ್ಗವೂ ಒಮ್ಮೊಮ್ಮೆ ಇಣುಕುತ್ತದೆ. ಒಂದು ಸಂಜೆ ಕೋಲಾಟದ ಪದ ಬರುತ್ತಿತ್ತು. ಸ್ಟುಡಿಯೋದಲ್ಲಿ ಕೂತು ಹಾಡಿದ್ದು, ಕಂಸಾಳೆಯಷ್ಟು ಚುರುಕಿಲ್ಲ, ಬೇಸ್ ಅಂತೂ ಇಲ್ಲವೇ ಇಲ್ಲ. ಆದರೂ ಅತ್ತೆಯವರ ಹಿಮ್ಮಡಿ ನೆಲ ತಟ್ಟುತ್ತಿತ್ತು. "ಏನತ್ತೆ, ಕುಣೀತೀರಾ?" ಎಂದೆ. "ಸುಮ್ನಿರಪ್ಪಾ, ಅದು ತಾನೇ ತಟ್ತದೆ" ಎಂದರು.

ಆ ಕಡೆಯ ಕುಣಿತದ ಸಂಪತ್ತು ಸಣ್ಣದಲ್ಲ. ಮರದ ಚಕ್ಕೆಗೆ ಗೆಜ್ಜೆ ಕಟ್ಟಿ ವೃತ್ತವಾಗಿ ನಿಂತು ಆಡುವ ಚಕ್ಕೆ ಭಜನೆ ರಾಯಲಸೀಮೆಯ ಹಳ್ಳಿ ಹಳ್ಳಿಯಲ್ಲಿ ಇದೆ. ಅನಂತಪುರ ಸೀಮೆಯ ಉರುಮೆಯವರು ದೇವಿಯ ಕೆಲಸಗಳಿಗೆ ಬರುತ್ತಾರೆ. ಬಾಗಿದ ಕಡ್ಡಿಯನ್ನು ಚರ್ಮದ ಮೇಲೆ ಉಜ್ಜಿದಾಗ ಆ ವಾದ್ಯದಿಂದ ಹೊರಡುವ ಗುರ್ರೆನ್ನುವ ಸದ್ದಿಗೆ ನನ್ನ ಎರಡು ಲಕ್ಷದ ಬಾಕ್ಸು ಸಾಟಿಯಲ್ಲ, ಇದನ್ನು ಗಿರಾಕಿಗಳ ಮುಂದೆ ಹೇಳುವುದಿಲ್ಲ ಅಷ್ಟೆ. ಗಡಿ ದಾಟಿ ಪಾವಗಡ, ಶಿರಾ, ಚಿತ್ರದುರ್ಗಕ್ಕೆ ಹೋದರೆ ಅದೇ ಉರುಮೆ, ಜೊತೆಗೆ ಅರೆವಾದ್ಯ, ಸೋಮನ ಕುಣಿತ. ಪೂರ್ವಕ್ಕೆ ತಿರುಗಿದರೆ ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ತಮಟೆ ಬಡಿದೇ 2023ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷ ಮಾರ್ಚಿನಲ್ಲಿ ಕೀರವಾಣಿಯವರ 'ನಾಟು ನಾಟು' ಆಸ್ಕರ್ ಗೆದ್ದಿತು. ನಾಟು ನಾಟುವನ್ನು ಎಫ್‌ಎಂಗಳು ತಿರುಗಿಸಿ ತಿರುಗಿಸಿ ಹಾಕಿದವು. ಮುನಿವೆಂಕಟಪ್ಪನವರ ತಮಟೆಯನ್ನು ಅವುಗಳ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ಆಕಾಶವಾಣಿಯನ್ನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಅದರ ಜನಪದ ಕಾರ್ಯಕ್ರಮ ಗಡಿಯಾರ ನೋಡಿ ಬಂದು ಗಡಿಯಾರ ನೋಡಿ ಹೋಗುತ್ತದೆ. ಬಿಸಿ ಏರುವಷ್ಟರಲ್ಲಿ ಕೃಷಿ ಮಾಹಿತಿ. ಆದರೆ ಧ್ವನಿಪರೀಕ್ಷೆ ಮಾಡಿ, ಗ್ರೇಡು ಕೊಟ್ಟು, ಹಳ್ಳಿಯ ಕಲಾವಿದರನ್ನು ಸ್ಟುಡಿಯೋಗೆ ಕರೆಸಿ ಸಂಭಾವನೆ ಕೊಡುವುದು ಅದೊಂದೇ.

ಹೊರದೇಶದ ಕಥೆಯೂ ಇದಕ್ಕೆ ದೂರವಿಲ್ಲ. ಲಂಡನ್ನಿನಲ್ಲಿ ಕುಣಿತದ ಸಂಗೀತಕ್ಕೆಂದೇ ಹುಟ್ಟಿದ ಕಿಸ್ ಎಫ್‌ಎಂ 1985ರಲ್ಲಿ ಲೈಸೆನ್ಸಿಲ್ಲದ ಕಳ್ಳ ರೇಡಿಯೋ ಆಗಿತ್ತು. 1990ರಲ್ಲಿ ಲೈಸೆನ್ಸು ಬಂತು, ವರ್ಷಗಳು ಕಳೆದಂತೆ ಅದೂ ಎಲ್ಲರಂತೆ ಜನಪ್ರಿಯ ಹಾಡಿನ ಕಡೆ ವಾಲಿತು. ಎರಡು ಗಂಟೆ ಒಂದೇ ಓಟದಲ್ಲಿ ಡಿಜೆ ಮಿಕ್ಸ್ ಹಾಕುವ 'ಎಸೆನ್ಷಿಯಲ್ ಮಿಕ್ಸ್' 1993ರಲ್ಲಿ ಶುರುವಾದದ್ದು ಜಾಹೀರಾತಿಲ್ಲದ ಬಿಬಿಸಿಯಲ್ಲಿ. ವ್ಯಾಪಾರದ ರೇಡಿಯೋಗೆ ಇದು ಸಾಧ್ಯವೇ ಇಲ್ಲ ಎನ್ನಲು ಮಾತ್ರ ನಾನು ತಯಾರಿಲ್ಲ. 1980ರ ದಶಕದ ಆರಂಭದಲ್ಲಿ ಶಿಕಾಗೋದ ಡಬ್ಲ್ಯುಬಿಎಂಎಕ್ಸ್ ಎಂಬ ವಾಣಿಜ್ಯ ಸ್ಟೇಷನ್ 'ಹಾಟ್ ಮಿಕ್ಸ್ ಫೈವ್' ಎಂಬ ಐವರು ಡಿಜೆಗಳನ್ನು ಕೂರಿಸಿ ಹಾಡಿಗೆ ಹಾಡು ಹೆಣೆಸಿತು. ಆ ಊರಿನ ಹುಡುಗರು ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಕುಣಿದರು. ಹೌಸ್ ಸಂಗೀತ ಶಿಕಾಗೋದಲ್ಲಿ ಬೆಳೆದದ್ದರಲ್ಲಿ ಆ ಸ್ಟೇಷನ್ನಿಗೂ ಪಾಲಿದೆ. ನಮ್ಮ ಬೆಂಗಳೂರಿಗೆ 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ರೇಡಿಯೋ ಸಿಟಿ ಬಂತು, ಆಮೇಲೆ 91.9ರಲ್ಲಿ ಇಂಗ್ಲಿಷ್ ಹಾಡಿನ ಇಂಡಿಗೋ ಬಂತು. ಪಬ್ಬಿನ ಸಂಗೀತಕ್ಕೆ ಒಂದು ಮೂಲೆ ಸಿಕ್ಕಿತು. ತಮಟೆಗೆ ಆ ಮೂಲೆಯೂ ಸಿಗಲಿಲ್ಲ.

ಪೊಲೀಸರ ಮಾತೂ ಬಂದು ಹೋಗಲಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು, ಮನೆಗಳಿರುವ ಬೀದಿಯಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ನಿಯಮ ಸರಿಯಾಗಿಯೇ ಇದೆ. ಬಾಣಂತಿಯ ಮನೆ ಮುಂದೆ ಬೇಸ್ ಕಡಿಮೆ ಮಾಡದ ಆಪರೇಟರುಗಳನ್ನು ನಾನೂ ಬೈದಿದ್ದೇನೆ. ಬಾಕ್ಸಿನ ಸದ್ದು ಇಳಿದಷ್ಟೂ ಮನೆಯೊಳಗೆ, ಅಂಗಳದಲ್ಲಿ, ಹತ್ತು ಜನರನ್ನು ಕುಣಿಸಲು ರೇಡಿಯೋಗೆ ಅವಕಾಶ ಹೆಚ್ಚು. ಅದನ್ನು ಅದು ಬಳಸಿಕೊಳ್ಳುತ್ತಿಲ್ಲ.

ಆದ್ದರಿಂದ ಹಿಂದೂಪುರದ ವಾಹಿನಿಯನ್ನು ನಾಳೆ ಯಾರು ಹಿಡಿಯುತ್ತೀರೋ ಅವರಲ್ಲಿ ನನ್ನದೊಂದು ಬೇಡಿಕೆ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದಲು ಅನುಮತಿಯಿಲ್ಲ, ನಿಮ್ಮ ಬಂಡವಾಳವೆಲ್ಲ ಹಾಡು ಮತ್ತು ಮಾತು. ಬೆಂಗಳೂರು, ಹೈದರಾಬಾದಿನಲ್ಲಿ ತಿರುಗುವ ಪಟ್ಟಿಯನ್ನೇ ಇಲ್ಲೂ ತಿರುಗಿಸುವುದಾದರೆ ನಿಮ್ಮ ಅಗತ್ಯವೇ ನಮಗಿಲ್ಲ, ಅದು ಫೋನಿನಲ್ಲಿ ಬಿಟ್ಟಿ ಸಿಗುತ್ತದೆ. ಶನಿವಾರ ರಾತ್ರಿ ಒಂದು ಗಂಟೆ ಕಾಲ ಹಾಡುಗಳ ನಡುವೆ ಮಾತಾಡಬೇಡಿ, ಜಾಹೀರಾತನ್ನು ಹಿಂದೆ ಮುಂದೆ ಹಾಕಿಕೊಳ್ಳಿ. ಒಂದು ವಾರ ಉರುಮೆ, ಒಂದು ವಾರ ಚಕ್ಕೆ ಭಜನೆ, ಒಂದು ವಾರ ತಮಟೆ, ಇನ್ನೊಂದು ವಾರ ಬೇಕಾದರೆ ಬಾಲಯ್ಯ. ಕಲಾವಿದರಿಗೆ ದುಡ್ಡು ಕೊಡಿ. ಓದುವ ನೀವೂ ಎಫ್‌ಎಂಗೆ ಫೋನ್ ಮಾಡಿ ಹಾಡು ಕೇಳುವ ಅಭ್ಯಾಸದವರಾದರೆ, ಮುಂದಿನ ಸಲ ಸಿನಿಮಾದ ಹೆಸರಿನ ಬದಲು ತಮಟೆ ಹಾಕಿ ಎಂದು ಕೇಳಿ. ನಾಲ್ಕು ಜನ ಕೇಳಿದರೆ ಸಾಲದು, ನಲವತ್ತು ಜನ ಕೇಳಬೇಕು.