ಕೇಳಿಸಿದರೂ ತಿಳಿಯದ ಮಾತು

"ಧ್ವನಿಯೇನೋ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ." ವಯೋವೃದ್ಧರಿಂದ ನಾವು ಮೇಲಿಂದ ಮೇಲೆ ಕೇಳುವ ದೂರು ಇದು. ಮನೆಯವರು ಇದನ್ನು ಸುಲಭವಾಗಿ ನಂಬುವುದಿಲ್ಲ. ತಮಗೆ ಬೇಕಾದದ್ದು ಮಾತ್ರ ಇವರಿಗೆ ಕೇಳಿಸುತ್ತದೆ ಎಂದು ಆಕ್ಷೇಪಿಸಿ, ಇನ್ನಷ್ಟು ಗಟ್ಟಿಯಾಗಿ ಕೂಗುತ್ತಾರೆ. ಕೂಗಿದಷ್ಟೂ ಹಿರಿಯರು ಮುದುಡಿಕೊಳ್ಳುತ್ತಾರೆ. ಕ್ರಮೇಣ ನಾಲ್ಕು ಜನ ಕೂಡುವಲ್ಲಿಗೆ ಬರುವುದನ್ನೇ ಬಿಡುತ್ತಾರೆ. ಅವರ ದೂರು ನೆಪವಲ್ಲವೆಂಬುದನ್ನು ಗ್ರಹಿಸಲು ಇಂದು ಒಂದು ಹೊಸ ಸಾಧನ ನೆರವಾಗುತ್ತದೆ. ಅದು ಕಂಪ್ಯೂಟರಿನಲ್ಲಿ ಗಣಿತದಿಂದ ಕಟ್ಟಿದ ಕಿವಿ.

ಮೊದಲು ನಿಜವಾದ ಕಿವಿಯ ರಚನೆಯನ್ನು ನೋಡೋಣ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ನಾಳವೊಂದಿದೆ. ಬಿಚ್ಚಿ ಅಳೆದರೆ ಅದರ ಉದ್ದ ಸುಮಾರು ೩೫ ಮಿಲಿಮೀಟರ್. ಅದರೊಳಗಿನ ಪೊರೆಯ ಬುಡದ ಭಾಗವು ಕೀರಲು ಸ್ವರಗಳಿಗೂ ತುದಿಯ ಭಾಗವು ಮಂದ್ರ ಸ್ವರಗಳಿಗೂ ಕಂಪಿಸುತ್ತದೆ. ಮೃತದೇಹಗಳ ಕಿವಿಗಳಲ್ಲಿ ಈ ಅಲೆಯ ಚಲನೆಯನ್ನು ಕಂಡು ವಿವರಿಸಿದ ಹಂಗೇರಿ ಮೂಲದ ವಿಜ್ಞಾನಿ ಗಿಯೋರ್ಗ್ ಫಾನ್ ಬೆಕೆಸಿ ಅವರಿಗೆ ೧೯೬೧ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಜೀವಂತ ಕಿವಿಯು ಮೃತ ಕಿವಿಗಿಂತ ಬಹಳ ಸೂಕ್ಷ್ಮವಾಗಿ ಸ್ವರಗಳನ್ನು ಬೇರ್ಪಡಿಸುತ್ತದೆ. ಪ್ರತಿ ಕಿವಿಯಲ್ಲಿರುವ ಸುಮಾರು ೧೨,೦೦೦ ಹೊರ ರೋಮಕೋಶಗಳೇ ಇದಕ್ಕೆ ಕಾರಣ. ಅವು ತಾವೇ ಹಿಗ್ಗಿ ಕುಗ್ಗಿ, ಮೆಲುದನಿಯ ಕಂಪನಕ್ಕೆ ಬಲ ಕೊಡುತ್ತವೆ. ಹೀಗೆ ಬಲಗೊಂಡ ಕಂಪನವನ್ನು ಸುಮಾರು ೩,೫೦೦ ಒಳ ರೋಮಕೋಶಗಳು ನರಕ್ಕೆ ತಲುಪಿಸುತ್ತವೆ.

ಈ ಪ್ರತಿಯೊಂದು ಹಂತವನ್ನೂ ಸಮೀಕರಣಗಳಾಗಿ ಬರೆದು ಕಂಪ್ಯೂಟರಿಗೆ ಒಪ್ಪಿಸಿದರೆ ಅದೇ ಶ್ರವಣದ ಮಾದರಿ. ಇಂಥ ಅನೇಕ ಮಾದರಿಗಳನ್ನು 'ಆಡಿಟರಿ ಮಾಡೆಲಿಂಗ್ ಟೂಲ್‌ಬಾಕ್ಸ್' ಎಂಬ ತಂತ್ರಾಂಶದಲ್ಲಿ ಒಟ್ಟುಗೂಡಿಸಲಾಗಿದೆ. ಯುರೋಪಿನ ವಿಯೆನ್ನಾ ನಗರದಲ್ಲಿರುವ ಆಸ್ಟ್ರಿಯಾದ ವಿಜ್ಞಾನ ಅಕಾಡೆಮಿಯ ಧ್ವನಿಶಾಸ್ತ್ರ ಸಂಶೋಧನಾ ಸಂಸ್ಥೆ ಇದನ್ನು ಪೋಷಿಸುತ್ತಿದೆ. 'ಮ್ಯಾಟ್‌ಲ್ಯಾಬ್' ಎಂಬ ಗಣಿತದ ತಂತ್ರಾಂಶದಲ್ಲಿಯೂ ಉಚಿತವಾಗಿ ದೊರೆಯುವ 'ಆಕ್ಟೇವ್'ನಲ್ಲಿಯೂ ಇದು ನಡೆಯುತ್ತದೆ. ಇದರೊಡನೆ 'ಡೆಮೊ' ಎಂದು ಆರಂಭವಾಗುವ ಹೆಸರಿನ ಪ್ರಾತ್ಯಕ್ಷಿಕೆಗಳು ಬರುತ್ತವೆ. ಟೂಲ್‌ಬಾಕ್ಸನ್ನು ಚಾಲನೆಗೊಳಿಸಿ, ಪ್ರಾತ್ಯಕ್ಷಿಕೆಯ ಹೆಸರನ್ನು ಬರೆದು ಎಂಟರ್ ಕೀಲಿಯನ್ನು ಒತ್ತಿದರೆ, ಮಾದರಿಯ ಕಿವಿಗೆ ಧ್ವನಿ ಹೋಗಿ ಅದರ ಫಲಿತಾಂಶ ಪರದೆಯ ಮೇಲೆ ಚಿತ್ರವಾಗಿ ಮೂಡುತ್ತದೆ. ಕಂಪ್ಯೂಟರ್ ಕಲಿತ ಮೊಮ್ಮಕ್ಕಳಿದ್ದರೆ ಮನೆಯಲ್ಲಿಯೇ ಇದನ್ನು ನಡೆಸಬಹುದು.

ನಮ್ಮ ವಿಷಯಕ್ಕೆ ಸಂಬಂಧಿಸಿದ ಪ್ರಾತ್ಯಕ್ಷಿಕೆಯ ಹೆಸರು 'ಡೆಮೊ ಡಿಆರ್‌ಎನ್‌ಎಲ್'. 'ಗ್ರೀಸಿ' ಎಂಬ ಇಂಗ್ಲಿಷ್ ಪದದ ಧ್ವನಿಮುದ್ರಣವನ್ನು ಅದು ೫೦, ೭೦ ಮತ್ತು ೯೦ ಡೆಸಿಬೆಲ್ ಪ್ರಮಾಣಗಳಲ್ಲಿ ಮಾದರಿಯ ಕಿವಿಗೆ ಕೇಳಿಸುತ್ತದೆ. ಪದ ಒಂದೇ, ಚಿತ್ರಗಳು ಮೂರು. ದನಿ ಏರಿದಂತೆಲ್ಲ ಒಂದೊಂದು ಸ್ವರಕ್ಕೆ ಸ್ಪಂದಿಸುವ ಪಟ್ಟಿಗಳು ಅಗಲವಾಗಿ, ನೆರೆಯ ಸ್ವರಗಳೊಡನೆ ಬೆರೆಯುತ್ತವೆ. ನೀರು ಬಿದ್ದ ಕಾಗದದ ಮೇಲಿನ ಶಾಯಿಯಂತೆ ಗೆರೆಗಳು ಹರಡಿಕೊಳ್ಳುತ್ತವೆ. ಗಟ್ಟಿ ದನಿಗೆ ಹೊರ ರೋಮಕೋಶಗಳ ನೆರವು ಕಡಿಮೆಯಾಗುವುದೇ ಇದರ ಕಾರಣ.

ಇದು ಆರೋಗ್ಯವಂತ ಕಿವಿಯ ಮಾದರಿ ಎಂಬುದನ್ನು ಮರೆಯಬಾರದು. ಅಂಥ ಕಿವಿಗೆ ಈ ಹರಡುವಿಕೆಯಿಂದ ಹೆಚ್ಚಿನ ಬಾಧೆಯಿಲ್ಲ. ವಯಸ್ಸಿನಿಂದಲೋ ದೀರ್ಘಕಾಲದ ಗದ್ದಲದಿಂದಲೋ ಹೊರ ರೋಮಕೋಶಗಳು ನಶಿಸಿದವರ ಸ್ಥಿತಿ ಬೇರೆ. ಮೆಲುದನಿ ಅವರಿಗೆ ಕೇಳಿಸದು. ಕೇಳಿಸುವಷ್ಟು ಏರಿಸಿದರೆ ಸ್ವರಗಳು ಕಲಸಿಹೋಗುತ್ತವೆ. ನಷ್ಟವು ಸಾಮಾನ್ಯವಾಗಿ ಕೀರಲು ಸ್ವರಗಳ ಕಡೆಯಿಂದ ಆರಂಭವಾಗುವುದರಿಂದ ಸಕಾರ, ಶಕಾರಗಳಂಥ ವ್ಯಂಜನಗಳು ಮೊದಲು ಜಾರುತ್ತವೆ. ಸ್ವರಾಕ್ಷರಗಳು ಉಳಿಯುತ್ತವೆ. ಹಾಲು, ಸಾಲು, ಕಾಲು, ಪಾಲು ಎಂಬ ನಾಲ್ಕು ಮಾತುಗಳೂ ಒಂದೇ ಆಗಿ ತೋರುವುದು ಹೀಗೆ. ಹಿಂದಿನಿಂದ ಪಾತ್ರೆಯ ಸದ್ದೋ ಟಿವಿಯ ಸದ್ದೋ ಸೇರಿಕೊಂಡರೆ ತಿಳಿಯುವುದು ಇನ್ನೂ ಕಷ್ಟ.

ಮಾದರಿಯು ರೋಗನಿರ್ಣಯ ಮಾಡುವುದಿಲ್ಲ. ನಿರ್ದಿಷ್ಟ ವ್ಯಕ್ತಿಯ ಕಿವಿಯಲ್ಲಿ ಎಷ್ಟು ನಷ್ಟವಾಗಿದೆ ಎಂಬುದನ್ನು ಶ್ರವಣ ಪರೀಕ್ಷೆಯೇ ಹೇಳಬೇಕು. ಆಯುರ್ವೇದವು ದಿನಚರ್ಯೆಯಲ್ಲಿ ಕರ್ಣತೈಲವನ್ನು ಹೇಳಿರುವುದು ನಿಜ. ಆದರೆ ಮನುಷ್ಯನಲ್ಲಿ ಒಮ್ಮೆ ನಶಿಸಿದ ರೋಮಕೋಶಗಳು ಮತ್ತೆ ಹುಟ್ಟುವುದಿಲ್ಲ; ಎಣ್ಣೆಯಿಂದ ಅವು ಮರಳುತ್ತವೆಂದು ನಾವು ಯಾರಿಗೂ ಹೇಳಲಾರೆವು. ಕಿವಿ ಸೋರುತ್ತಿದ್ದರೆ ಅಥವಾ ತಮಟೆಯಲ್ಲಿ ತೂತಿದ್ದರೆ ಎಣ್ಣೆ ಹಾಕಲೇಬಾರದು.

ಹಾಗಾದರೆ ಮಾಡಬೇಕಾದದ್ದೇನು? ಕೂಗುವುದನ್ನು ಬಿಟ್ಟು, ಹಿರಿಯರ ಎದುರಿಗೆ ಕುಳಿತು, ಬೆಳಕಿನಲ್ಲಿ ತುಟಿ ಕಾಣುವಂತೆ, ನಿಧಾನವಾಗಿ ಬಿಡಿಬಿಡಿಯಾಗಿ ಮಾತನಾಡಬೇಕು. ಮೊದಲು ಟಿವಿಯನ್ನು ಆರಿಸಬೇಕು. ತಿಳಿಯದಿದ್ದರೆ ಅದೇ ಮಾತನ್ನು ಏರುದನಿಯಲ್ಲಿ ಹೇಳದೆ, ಬೇರೆ ಮಾತಿನಲ್ಲಿ ಹೇಳಬೇಕು. ಕಿವಿಯಲ್ಲಿ ಗುಗ್ಗೆ ತುಂಬಿದೆಯೇ ಎಂದು ವೈದ್ಯರಿಂದ ನೋಡಿಸಿ, ಬಳಿಕ ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಶ್ರವಣ ಸಾಧನವನ್ನು ಪರೀಕ್ಷೆಯ ಫಲಿತಾಂಶಕ್ಕೆ ಹೊಂದಿಸಿಯೇ ಧರಿಸಬೇಕು. ರೂಢಿಯಾಗಲು ಕೆಲವು ವಾರಗಳು ಬೇಕು. ಒಂದು ಕಿವಿ ಥಟ್ಟನೆ ಕೇಳದಂತಾದರೆ ಮಾತ್ರ ತಡಮಾಡದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಉಳಿದಿರುವ ರೋಮಕೋಶಗಳನ್ನು ಕಾಪಾಡಿಕೊಳ್ಳುವುದು ಎಲ್ಲ ವಯಸ್ಸಿನವರ ಕರ್ತವ್ಯ. ಜಾತ್ರೆಯಲ್ಲಿ, ಮದುವೆಯಲ್ಲಿ ಧ್ವನಿವರ್ಧಕದ ಪಕ್ಕದಲ್ಲಿ ಮಕ್ಕಳನ್ನು ಕೂರಿಸಬೇಡಿ. ಹತ್ತಾರು ವರ್ಷಗಳ ಮೇಲೆ ಅವರಿಗೂ ಮೊಮ್ಮಕ್ಕಳ ಮಾತು ತಿಳಿಯಬೇಕಾಗಿದೆ.